ತಾಡಪತ್ರಿಯ ಹಿಂದಿನ ಎತ್ತು

ಮಾರ್ಚ್ 4, ಮಂಗಳವಾರ

ಬಂದವಳೇ ಸ್ನಾನ ಮಾಡಿದೆ. ಊಟಕ್ಕೆ ಮೊದಲು ಮತ್ತೆ ಮಾಡಿದೆ. ಆದರೂ ಬರೆಯುವಾಗ ಕೈ ಮೂಗಿನ ಹತ್ತಿರ ಬಂದರೆ ಆ ವಾಸನೆ. ಸೀರೆಯನ್ನು ಒಗೆಯಲು ಹಾಕಲಿಲ್ಲ, ಹಿತ್ತಲಿನ ತಂತಿಗೆ ನೇತುಹಾಕಿದ್ದೇನೆ. ನಾಳೆ ಕೆಲಸದವಳಿಗೆ ಕೊಟ್ಟುಬಿಡುತ್ತೇನೆ.

ನಮ್ಮ ಕಾಲೊನಿಯ ಭಜನಾ ಮಂಡಳಿಯವರು ನಾಸಿಕದ ಹತ್ತಿರದ ಓಝರ್ ದಾಟಿ ಹೆದ್ದಾರಿ ಬದಿಗಿರುವ ಗೋಶಾಲೆಯಲ್ಲಿ ಸರದಿಯ ಮೇಲೆ ಸೇವೆ ಮಾಡುತ್ತಾರೆ. ಇಷ್ಟು ವರ್ಷ ಏನೇನೋ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಮಗಳು ಅಮೂಲ್ಯಾ ಕಾನೂನು ಓದಲು ಸಂಭಾಜಿನಗರಕ್ಕೆ ಹೋದ ಮೇಲೆ ಮನೆಯಲ್ಲಿ ಕೆಲಸವಿದೆ ಅನ್ನಲು ಆಗಲಿಲ್ಲ. "ಅಡಿಗಿಮನ್ಯಾಗ ಜಿರಳಿ ಕಂಡ್ರ ಕುರ್ಚಿ ಏರ್ತಿ. ನೀ ಸಗಣಿ ಬಳೀಲಿಕ್ಕೆ ಹೊಂಟಿಯಲ್ಲ ಕಮಲಾ!" ಎಂದು ನಮ್ಮ ಯಜಮಾನರು ಅವಿನಾಶ್ ನಕ್ಕರು. ಅವರಿಗೇನು, ವಿಮಾನ ಕಾರ್ಖಾನೆಯ ತೊಳೆದ ನೆಲದ ಮೇಲೆ ಬಿಳಿ ಕೋಟು ಹಾಕಿಕೊಂಡು ಓಡಾಡುವವರು.

ಗೋಶಾಲೆಯ ಕ್ಯಾಲೆಂಡರಿನಲ್ಲಿರುವ ಹಸು ಬೇರೆ, ಅಲ್ಲಿರುವ ಹಸು ಬೇರೆ. ಕೂದಲು ಉದುರಿ ಬೆತ್ತಲಾದ ಚರ್ಮ. ಕಣ್ಣಿನ ಕೀವಿನ ಮೇಲೆ ನೊಣ, ಮೂಗಿನಲ್ಲಿ ನೊಣ. ಹೆಚ್ಚಿನವು ಜರ್ಸಿ ಗಂಡು ಕರುಗಳು, ಹೊಟ್ಟೆ ಮಾತ್ರ ಊದಿಕೊಂಡು ಕಾಲು ಕಡ್ಡಿಯಂತಿರುವಂಥವು. ಗಂಜಲ ಹರಿದುಹೋಗದೆ ಕಣಕಾಲಿನ ಮಟ್ಟಕ್ಕೆ ನಿಂತಿದೆ. ಬೇವಿನ ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಗೋಶಾಲೆಯ ಟ್ರಸ್ಟಿನ ಅಧ್ಯಕ್ಷ ಖೈರನಾರ್ ಕಾಕಾ ನೋಡಿಬಿಟ್ಟರು. ಇಸ್ತ್ರಿಯ ಬಿಳಿ ಅಂಗಿ, ಅತ್ತರು. "ವಹಿನಿ, ಇದು ಹೇಸಿಗೆಯಲ್ಲ, ಲಕ್ಷ್ಮಿ," ಎಂದರು ಕಟ್ಟೆಯ ಮೇಲಿಂದ. ಅವರ ಬಾಯಲ್ಲಿ ನಾವೆಲ್ಲ ವಹಿನಿ, ಅತ್ತಿಗೆ. ನಾಚಿಕೆಯಾಯಿತು. ಅವರಿಗಿರುವ ಭಕ್ತಿ ನನಗಿಲ್ಲ.

ಸಿಟ್ಟು ಬರುವುದು ಇವನ್ನು ಬೀದಿಗೆ ಬಿಟ್ಟ ಜನರ ಮೇಲೆ. ಹಾಲು ಕರೆಯುವ ತನಕ ಕರೆದು, ಗಂಡು ಕರು ಹುಟ್ಟಿದರೆ ರಸ್ತೆಗೆ ಅಟ್ಟುವವರು. ಥೂ.

ತಲೆ ಸಿಡಿಯುತ್ತಿದೆ. ಒಂದು ಲೋಟ ಬಿಸಿ ಹಾಲು ಕುಡಿದು ಮಲಗುತ್ತೇನೆ.

ಮಾರ್ಚ್ 9, ಭಾನುವಾರ

ಇವತ್ತು ಕಣ್ಣಾರೆ ಕಂಡೆ. ಕಸಾಯಿಖಾನೆಗೆ ಹೋಗುತ್ತಿದ್ದ ಎತ್ತುಗಳನ್ನು ನಮ್ಮ ಗೋಶಾಲೆ ಉಳಿಸಿತು.

ಚಾಂದವಡ್ ಹತ್ತಿರ ಗೋಶಾಲೆಯ ಹುಡುಗರು ಟೆಂಪೊ ಅಡ್ಡಹಾಕಿ ಹಿಡಿದರಂತೆ. ಹಿಂದೆ ಪೊಲೀಸ್ ಜೀಪು. ಜೈಕಾರ, ಮೊಬೈಲು, ಹಣೆಗೆ ಗುಲಾಲು. ಒಳಗಿದ್ದದ್ದು ಎರಡು ಎತ್ತು. ಬಿಳಿಯವು, ಉದ್ದ ಕೊಂಬಿನವು, ಸೊಕ್ಕಿದ ಮೈ. ಜನ ನೋಡಿ ಬೆದರಿದವು, ಇಳಿಯಲೊಲ್ಲವು. ಒಬ್ಬ ಬಾಲ ತಿರುಚಿದ, ಇನ್ನೊಬ್ಬ ಕೋಲಿನಿಂದ ತಿವಿದ. ಮೊದಲಿನದು ಹೇಗೋ ನೆಗೆದು ಇಳಿಯಿತು. ಎರಡನೆಯದು, ಎತ್ತರದ್ದು, ನೆಗೆಯುವಾಗ ಹಿಂಗಾಲು ಟೆಂಪೊದ ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಒಣ ಕೊಂಬೆ ಮುರಿದಂಥ ಸದ್ದು. ಅದು ಕೂಗಲಿಲ್ಲ. ಬಿದ್ದು ಎದ್ದು, ಮೂರು ಕಾಲಿನ ಮೇಲೆ ನಿಂತಿತು.

ಪ್ರಾಣಿಗಳನ್ನು ಹೀಗೆ ತುಂಬಿಕೊಂಡು ಹೋಗುವವರು ಎಂಥ ಕ್ರೂರಿಗಳಿರಬೇಕು! ಆರತಿಯ ತಟ್ಟೆ ನನ್ನ ಕೈಗೇ ಕೊಟ್ಟರು. ಮೊದಲ ಸಲ ಅಲ್ಲಿ ಮೂಗು ಮುಚ್ಚಿಕೊಳ್ಳಲಿಲ್ಲ.

ಮಾರ್ಚ್ 11, ಮಂಗಳವಾರ

ಖೈರನಾರ್ ಕಾಕಾ ಫೋನು ಮಾಡಿದರು. ಗೇಟಿನ ಹತ್ತಿರ ಯಾರೋ ಹೆಂಗಸು ಕಾನಡಿ ಮಾತಿನಲ್ಲಿ ಗದ್ದಲ ಹಾಕುತ್ತಿದ್ದಾಳೆ, ನೀವು ಬಂದು ಏನಂತ ಕೇಳಿ ಹೇಳಿ ಎಂದರು.

ಮಲಕವ್ವ ಅಂತೆ. ಜತ್ತ ಕಡೆಯವಳು, ಗಂಡನ ಜೊತೆ ಸಟಾಣಾದಲ್ಲಿ ದಾಳಿಂಬೆ ತೋಟ ಪಾಲಿಗೆ ಮಾಡುತ್ತಾಳೆ. ತಂಬಾಕಿನಿಂದ ಕಪ್ಪಾದ ಹಲ್ಲು, ಮೈಯಿಂದ ಆಡಿನ ವಾಸನೆ. ನಾನು ಕನ್ನಡದಲ್ಲಿ ಬಾಯಿ ಬಿಟ್ಟದ್ದೇ ತಡ, ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಸಾಕಾಯಿತು.

"ಅಕ್ಕಾರ, ನಿಮ್ಮ ಪುಣ್ಯಾ ಬರ್ಲಿ, ನೀವರ ಹೇಳ್ರಿ ಇವ್ರಿಗೆ. ವೈಜಾಪುರ ಸಂತ್ಯಾಗ ಎತ್ತ ತಗೊಂಡು ಮನಿಗಿ ಹೊಂಟಿದ್ವಿ. ದಾಳಿಂಬ್ರಿ ಸಾಲಿನಾಗ ಟ್ರ್ಯಾಕ್ಟರ್ ಹೋಗಂಗಿಲ್ರಿ, ಎತ್ತಿಲ್ಲದ ಹರಗೂದು ಹ್ಯಾಂಗ? ಸಂತಿ ಚೀಟಿ ತೋರ್ಸೀವಿ, ಹರಿದು ಒಗದ್ರು. ನನ್ನ ಗಂಡನ್ನ ಹೊಡದು ಠಾಣಾದಾಗ ಕುಂಡ್ರಿಸ್ಯಾರ."

ಮರಾಠಿಯಲ್ಲಿ ಹೇಳಿದೆ. ಕಾಕಾ ನಕ್ಕರು. "ಸಿಕ್ಕಿಬಿದ್ದವರೆಲ್ಲ ರೈತರೇ, ವಹಿನಿ. ಕೋರ್ಟಿನಿಂದ ತರಲಿ, ಕೊಡೋಣ."

"ಒಳಗ ಬಿಡಬ್ಯಾಡ್ರಿ, ದೂರಿಂದ ನೋಡ್ತೀನಿ" ಎಂದಳು. ಗೇಟಿನ ಸರಳಿಗೆ ಮುಖ ಒತ್ತಿ "ಏ ಗೌಡಾ! ಗೌಡಾ!" ಎಂದು ಕೂಗಿದಳು. ಎರಡರಲ್ಲಿ ಎತ್ತರದ್ದಕ್ಕೆ, ಗೌಡರ ಹಾಗೆ ನಡೆಯುತ್ತದೆ ಎಂದು ಟೆಂಪೊದಲ್ಲೇ ಹೆಸರಿಟ್ಟಳಂತೆ. ಯಾವ ಎತ್ತೂ ತಿರುಗಿ ನೋಡಲಿಲ್ಲ. ಅಂದೇ ಕೊಂಡದ್ದು, ತನ್ನ ಹೆಸರು ಅದಕ್ಕಿನ್ನೂ ಗೊತ್ತಿಲ್ಲ. ಅಥವಾ ಎಲ್ಲ ಸುಳ್ಳು. ಸುಳ್ಳೇ ಇರಬೇಕು.

ಅವಳು ಹಿಡಿದ ಕೈಯನ್ನು ಡೆಟಾಲಿನಲ್ಲಿ ತೊಳೆದೆ.

ಮಾರ್ಚ್ 15, ಶನಿವಾರ

ಮೂರು ಕಾಲಿನ ಮೇಲೆ ನಿಂತಿದ್ದ ಆ ಎತ್ತು ಮಲಗಿಬಿಟ್ಟಿದೆ. ಹಿಂದಿನ ಕೊಟ್ಟಿಗೆಯ ಮೂಲೆಯಲ್ಲಿ. ಹತ್ತಿರ ಹೋಗುವ ಮೊದಲೇ ವಾಸನೆ ಬಂತು. ಸತ್ತ ಇಲಿಯ ವಾಸನೆ, ಅದರ ಜೊತೆ ಏನೋ ಸಿಹಿ. ಸೆರಗು ಮೂಗಿಗೆ ಕಟ್ಟಿಕೊಂಡು ಬಗ್ಗಿ ನೋಡಿದೆ. ಗೊರಸಿನ ಮೇಲುಭಾಗ ಒಡೆದುಕೊಂಡಿದೆ. ಒಳಗೆ ಅನ್ನ ಕುದಿಯುವ ಹಾಗೆ ಮಿಸುಕುತ್ತಿತ್ತು. ಹುಳ.

ಓಡಿಬಂದೆ. ಯಾರಿಗೆ ಹೇಳಿದರೂ "ಡಾಕ್ಟರು ಬರುತ್ತಾರೆ" ಅನ್ನುತ್ತಾರೆ. ಗೇಟಿನಲ್ಲಿ ಆ ಹೆಂಗಸು ಇವತ್ತೂ ಕೂತಿದ್ದಳು. ಅಲ್ಲೇ ಉಗುಳುತ್ತಾಳೆ, ಅಲ್ಲೇ ರೊಟ್ಟಿ ತಿನ್ನುತ್ತಾಳೆ. ಅಸಹ್ಯ.

ಮಾರ್ಚ್ 18, ಮಂಗಳವಾರ

ಅನ್ನ ಸೇರುತ್ತಿಲ್ಲ. ತಟ್ಟೆ ನೋಡಿದರೆ ಕಾಲು ಕಾಣುತ್ತದೆ.

ಮಾರ್ಚ್ 22, ಶನಿವಾರ

ಕೊನೆಗೆ ಸರಕಾರಿ ದವಾಖಾನೆಯ ಡಾಕ್ಟರ್ ರವಿಕಾಂತ ಬಂದರು. ಉದಗೀರದಲ್ಲಿ ಓದಿದವರು, ಅಲ್ಪಸ್ವಲ್ಪ ಕನ್ನಡ ಬರುತ್ತದೆ. ಕಾಲು ಹಿಡಿಯಲು ಒಬ್ಬರು ಬೇಕು ಎಂದರು. ಮಂಡಳಿಯ ಹೆಂಗಸರು ಭಜನೆಯ ಕಟ್ಟೆಯಿಂದ ಏಳಲಿಲ್ಲ. ನನ್ನ ಗ್ರಹಚಾರ, ನಾನು ಹತ್ತಿರದಲ್ಲಿದ್ದೆ. ಮುಖ ಆಚೆ ತಿರುಗಿಸಿ ಹಿಡಿದೆ. ಅವರು ಟರ್ಪೆಂಟೈನ್ ಹಾಕಿದ ಕೂಡಲೇ ಹುಳಗಳು ಉಕ್ಕಿ ಹೊರಬಿದ್ದವು, ಕೆಲವು ನನ್ನ ಮಣಿಕಟ್ಟಿನ ಮೇಲೆ ಹರಿದವು. ಕಿರುಚಿದೆ. ಆದರೆ ಕಾಲು ಬಿಡಲಿಲ್ಲ, ಬಿಟ್ಟಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

"ಎಲುಬು ಮುರಿದಿದೆ. ಕೀವು ಮೇಲಕ್ಕೆ ಏರಿದೆ. ಇದು ಏಳೂದಿಲ್ಲ ಮೇಡಂ," ಎಂದರು ಡಾಕ್ಟರು. "ಹಿಂಗೇ ಬಿಟ್ಟರೆ ಕೊಳೆತು ಕೊಳೆತು ಸಾಯ್ತದೆ. ಇಂಜೆಕ್ಷನ್ ಕೊಟ್ಟು ಮಲಗಿಸೋದು ಒಳ್ಳೇದು. ಕಾನೂನು ಒಪ್ಪತದೆ."

ಖೈರನಾರ್ ಕಾಕಾ ಎರಡೂ ಕಿವಿ ಮುಚ್ಚಿಕೊಂಡರು. "ಗೋಶಾಲೆಯಲ್ಲಿ ಹತ್ಯೆಯೇ!" ನನಗೂ ಮೈ ಉರಿಯಿತು. ಕಸಾಯಿಯ ಕೈಯಿಂದ ಉಳಿಸಿ ತಂದು ನಾವೇ ಕೊಲ್ಲುವುದೇ? ಡಾಕ್ಟರಾಗಿ ಹೀಗೆ ಹೇಳಲು ನಿಮ್ಮ ನಾಲಿಗೆ ಹೇಗೆ ಹೊರಳಿತು ಎಂದು ಕೇಳಿಯೇಬಿಟ್ಟೆ. ಅವರು ಚಿಮುಟ ಮತ್ತು ಔಷಧದ ಬಾಟಲಿ ನನ್ನ ಕೈಗಿಟ್ಟರು. "ಹಾಗಾದರೆ ದಿನಾ ನೀವೇ ತೆಗೀಬೇಕು."

ಎಂಥ ದುರಹಂಕಾರ.

ಮಾರ್ಚ್ 25, ಮಂಗಳವಾರ

ನಿತ್ಯ ಹೋಗುತ್ತಿದ್ದೇನೆ. ಬೇರೆ ಯಾರೂ ಮಾಡುವುದಿಲ್ಲವಲ್ಲ. ಬೆಳಿಗ್ಗೆ ಎಲ್ಲ ತೆಗೆದರೆ ಸಂಜೆಗೆ ಮತ್ತೆ. ಒಂದು ಮಗ್ಗುಲಿಗೇ ಮಲಗಿ ಅಲ್ಲಿಯ ಚರ್ಮವೂ ಕೊಳೆಯುತ್ತಿದೆ. ಹೊರಳಿಸಲು ನಾಲ್ಕು ಜನ ಬೇಕು; ಕರೆದರೆ ಹುಡುಗರು ಮೂಗು ಹಿಡಿದುಕೊಂಡು ಓಡುತ್ತಾರೆ. ಹಿಡಿದು ತರುವಾಗ ಇದ್ದ ಶೌರ್ಯ ಹೊರಳಿಸುವಾಗ ಇಲ್ಲ.

ಅಮೂಲ್ಯಾ ಫೋನು ಮಾಡಿದ್ದಳು. ಎಲ್ಲ ಹೇಳಿದೆ. "ಅಮ್ಮಾ, ಮಾಲಕ ಅರ್ಜಿ ಹಾಕಿದ್ರ ಕೋರ್ಟು ಎತ್ತು ವಾಪಸ್ ಕೊಡ್ತದ. ಆಕಿಗೆ ಯಾರೂ ಸಾಂಗಿತಲೇ ನಾಹೀ ಕಾ?" ಎಂದಳು. ಅವಳ ಕನ್ನಡ ಯಾವಾಗಲೂ ಅರ್ಧಕ್ಕೆ ಮರಾಠಿಯಾಗುತ್ತದೆ. ಯಾರೂ ಹೇಳಿಲ್ಲ ಅನ್ನಿಸುತ್ತದೆ. ನಾನೇಕೆ ಹೇಳಲಿ? ಅದು ಟ್ರಸ್ಟಿನ ವಿಷಯ.

ಮಾರ್ಚ್ 26, ಬುಧವಾರ

ಹೇಳಿದೆ. ಗೇಟಿನಲ್ಲಿ ಆ ಹೆಂಗಸು ಉಗುಳುವುದನ್ನು ದಿನಾ ನೋಡಲಾರೆ, ಹೇಗಾದರೂ ಅಲ್ಲಿಂದ ಹೋದರೆ ಸಾಕಾಗಿತ್ತು. ಅಮೂಲ್ಯಾಳ ಪರಿಚಯದ ವಕೀಲರ ನಂಬರು ಕೊಟ್ಟೆ. ಮಲಕವ್ವ ನನ್ನ ಕಾಲಿಗೆ ಬೀಳಲು ಬಂದಳು. ಆಮೇಲೆ ಕೇಳಿದಳು:

"ಗೌಡ ಹ್ಯಾಂಗ ಅದಾನ್ರಿ? ಮೇವು ತಿಂತಾನಿಲ್ಲೋ?"

"ಕಾಲಿಗೆ ಪೆಟ್ಟಾಗ್ಯದ," ಎಂದೆ.

"ಕಾಲು? ಟೆಂಪೊ ಹತ್ತಿಸುಮುಂದ ಕಾಲು ಭೇಷ್ ಇತ್ತಲ್ರಿ ಅಕ್ಕಾರ. ನಾಕೂ ಕಾಲು ಮುಟ್ಟಿ ನೋಡಿ ತಗೊಂಡೇವಿ."

ಒಳಗೆ ಬಂದೆ. ಚಿಮುಟ ಹಿಡಿದು ಕೂತಾಗ ಆ ಸದ್ದು ಮತ್ತೆ ಕೇಳಿದ ಹಾಗಾಯಿತು. ಒಣ ಕೊಂಬೆಯದು.

ಮಾರ್ಚ್ 30, ಭಾನುವಾರ, ಯುಗಾದಿ

ಇಲ್ಲಿಯವರಿಗೆ ಗುಡಿಪಾಡವಾ. ಗೋಶಾಲೆಯಲ್ಲಿ ದೊಡ್ಡ ಪೂಜೆ. ನಾಸಿಕದಿಂದ ಕಾರುಗಳು ಬಂದವು. ದಾನಿಗಳು, ಅವರ ರೇಷ್ಮೆ ಸೀರೆಯ ಹೆಂಡಂದಿರು. ಮುಂದಿನ ಅಂಗಳ ತೊಳೆದು ರಂಗೋಲಿ ಹಾಕಿದ್ದರು. ಬೇರೆಲ್ಲಿಂದಲೋ ಎರಡು ಗಿರ್ ಹಸು ತರಿಸಿ ಗೊಂಡೆ ಕಟ್ಟಿ ನಿಲ್ಲಿಸಿದ್ದರು. ಇಲ್ಲಿಯವೇ ಅಲ್ಲ! ಹಿಂದಿನ ಕೊಟ್ಟಿಗೆಗೆ ನೀಲಿ ತಾಡಪತ್ರಿ ಕಟ್ಟಿ ಮರೆ ಮಾಡಿದ್ದರು. ವಾಸನೆ ಮುಚ್ಚಲು ಅದರ ಮುಂದೆ ಕಟ್ಟುಗಟ್ಟಲೆ ಊದುಬತ್ತಿ. ಊದುಬತ್ತಿಯೂ ಕೀವೂ ಸೇರಿ ಬಂದ ಆ ವಾಸನೆಗಿಂತ ಹೊಲಸಾದದ್ದನ್ನು ನಾನು ಹುಟ್ಟಿದಾರಭ್ಯ ಮೂಸಿಲ್ಲ.

ಖೈರನಾರ್ ಭಾಷಣ ಮಾಡಿದರು. "ಕಸಾಯಿಗಳು ಎತ್ತಿನ ಕಾಲು ಮುರಿದು ಟೆಂಪೊದಲ್ಲಿ ಎಸೆದಿದ್ದರು. ನಮ್ಮ ತಾಯಂದಿರು ಹಗಲಿರುಳು ಶುಶ್ರೂಷೆ ಮಾಡುತ್ತಿದ್ದಾರೆ" ಎಂದು ನನ್ನತ್ತ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ತಾಡಪತ್ರಿಯ ಹಿಂದೆ ಹೋದೆ. ಬಿಸಿಲಿಗೆ ಒಳಗೆಲ್ಲ ನೀಲಿ ಬೆಳಕು, ಕುಲುಮೆಯಂಥ ಕಾವು. ಅದರ ಬಕೆಟ್ಟಿನಲ್ಲಿ ನೀರಿರಲಿಲ್ಲ. ಹಬ್ಬದ ದಿನ ನೀರು ಇಡಲು ಮರೆತಿದ್ದಾರೆ. ತಂದು ಕುಡಿಸಿದೆ. ನಾಲಿಗೆ ಮರದ ಸಿಪ್ಪೆಯಂತೆ ನನ್ನ ಅಂಗೈ ಕೆರೆಯಿತು.

ಹೊರಗೆ ಬಂದು ಖೈರನಾರ್‌ಗೆ ಹೇಳಿದೆ: "ಕಾಲು ಮುರಿದದ್ದು ಇಲ್ಲಿ, ನಮ್ಮ ಹುಡುಗರು ಇಳಿಸುವಾಗ. ನಾನು ನೋಡಿದ್ದೇನೆ. ನೀವೂ ಅಲ್ಲೇ ಇದ್ದಿರಿ."

"ವಹಿನಿ, ಬಿಸಿಲಿಗೆ ನಿಮಗೆ ಆಯಾಸವಾಗಿದೆ," ಎಂದರು. "ಶ್ರೀಖಂಡ ತಿನ್ನಿ."

ತಿನ್ನಲಿಲ್ಲ. ಬೇವು ಬೆಲ್ಲವನ್ನೂ ತಿನ್ನಲಿಲ್ಲ. ಮನೆಗೆ ಬಂದ ಕೂಡಲೇ ಅವಿನಾಶ್ "ಮೊದ್ಲ ಬಚ್ಚಲಕ್ಕ ಹೋಗು" ಎಂದರು. ಆಗಲೇ ಗೊತ್ತಾದದ್ದು, ಆ ಸೀರೆಯಲ್ಲೇ ಸೋಫಾದ ಮೇಲೆ ಕೂತಿದ್ದೆ.

ಏಪ್ರಿಲ್ 3, ಗುರುವಾರ

ಕಾಗೆ.

ಬೆಳಿಗ್ಗೆ ಹೋದಾಗ ಬೆನ್ನ ಮೇಲೆ ಕೂತು ಕುಟುಕುತ್ತಿತ್ತು. ಹುಣ್ಣಿನಲ್ಲೇ. ಗೌಡ ಬಾಲ ಎತ್ತಲೂ ಆಗದೆ ಕಣ್ಣು ಮಾತ್ರ ಹೊರಳಿಸುತ್ತಿದ್ದ. ಮಧ್ಯಾಹ್ನದ ತನಕ ಅಲ್ಲೇ ಕೂತು ಓಡಿಸಿದೆ.

ಡಾಕ್ಟರಿಗೆ ನಾನೇ ಫೋನು ಮಾಡಿದೆ. ಬಂದು ಇಂಜೆಕ್ಷನ್ ಕೊಡಿ, ಸಾಕು ಇದು ಎಂದೆ. "ಕೊಡ್ತೀನಿ ಮೇಡಂ. ಆದರೆ ಟ್ರಸ್ಟ್ ಒಪ್ಪಬೇಕು, ಇಲ್ಲ ಮಾಲಕರು ಒಪ್ಪಬೇಕು." ಖೈರನಾರ್ ಮುಂದೆ ಹೋಗಿ ನಿಂತೆ. ಅದರ ಕರ್ಮ ಅದು ಸವೆಸಲಿ, ನಾವು ದೇವರ ಹೆಸರು ಕೇಳಿಸೋಣ ಎಂದರು. ಕೊಟ್ಟಿಗೆಯ ಕಂಬಕ್ಕೆ ಸ್ಪೀಕರು ಕಟ್ಟಿಸಿ ಭಜನೆ ಹಚ್ಚಿದರು. ಅಷ್ಟು ಜೋರಾಗಿ ಹಚ್ಚಿದ್ದಕ್ಕೆ ಮಗ್ಗುಲಿನ ಕರುಗಳೆಲ್ಲ ಬೆದರಿ ಒಂದರ ಮೇಲೊಂದು ಬಿದ್ದವು. ನಾನೇ ವಯರು ಕಿತ್ತೆ.

ಆ ಬಿಳಿ ಅಂಗಿ ಹತ್ತಿರ ಬಂದರೆ ನನಗೆ ಈಗ ವಾಕರಿಕೆ ಬರುತ್ತದೆ. ಆ ಅತ್ತರು.

ಏಪ್ರಿಲ್ 8, ಮಂಗಳವಾರ

ಮಲಕವ್ವನ ಅರ್ಜಿಗೆ ಸಾಕ್ಷಿಯಾಗಿ ಚಾಂದವಡ್ ಕೋರ್ಟಿಗೆ ಹೋಗಿಬಂದೆ. ಕಂಡದ್ದನ್ನು ಹೇಳಿದೆ. ಎತ್ತುಗಳನ್ನು ಮಲಕವ್ವನಿಗೆ ಕೊಡಿ ಎಂದು ಆದೇಶವಾಯಿತು. ಅವಳ ಗಂಡನಿಗೆ ಜಾಮೀನು ಮೊದಲೇ ಸಿಕ್ಕಿದೆ. ಕಿವಿಯ ತಮಟೆ ಹರಿದಿದೆಯಂತೆ. ಎಡಗಡೆ ಕೂತು ಮಾತಾಡಿದರೆ ಕೇಳಿಸುವುದಿಲ್ಲ.

ಅವಿನಾಶ್ ಮುಖ ಸಣ್ಣದು ಮಾಡಿಕೊಂಡಿದ್ದಾರೆ. "ಇಲ್ಲೇ ಇರಬೇಕು ನಾವು, ಕಮಲಾ. ಮಂದಿ ಏನೇನರೆ ಅಂತಾರ."

"ಅನ್ಲಿ," ಎಂದೆ.

ಏಪ್ರಿಲ್ 9, ಬುಧವಾರ

ಮಲಕವ್ವ ಆದೇಶ ಹಿಡಿದು, ಕಾನ್‌ಸ್ಟೇಬಲ್ಲನನ್ನು ಕರೆದುಕೊಂಡು ಬಂದಳು. ಮೊದಲ ಎತ್ತು ಚೆನ್ನಾಗಿತ್ತು. ಅದರ ಬೆನ್ನು ಚಪ್ಪರಿಸಿ, "ಗೌಡ ಎಲ್ಲದಾನ್ರಿ?" ಎಂದಳು. ಕರೆದುಕೊಂಡು ಹೋದೆ.

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಬಗ್ಗಿ ಕಾಲು ನೋಡಿದಳು, ಮಗ್ಗುಲಿನ ಹುಣ್ಣು ನೋಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ನೆಟ್ಟಗೆ ಖೈರನಾರ್ ಎದುರು ಬಂದು ನಿಂತಳು.

"ನಿಮ್ಮ ಗೋಶಾಲಿ ಅಂದ್ರ ಇದೇನ್ರಿ? ಕಸಾಯಿ ಆಗಿದ್ರ ಒಂದ ಏಟಿಗೆ ಮುಗಸ್ತಿದ್ದ. ನೀವು ಅವನ್ನ ಜೀವಂತ ಹುಳಕ್ಕ ತಿನ್ನಿಸೀರಲ್ಲ!"

"ಏನಂತಾಳೆ?" ಎಂದು ಅವರು ನನ್ನ ಮುಖ ನೋಡಿದರು.

ಒಂದು ಶಬ್ದವನ್ನೂ ಬಿಡದೆ, ಮೆತ್ತಗೆ ಮಾಡದೆ ಮರಾಠಿಗೆ ತಂದೆ. ಕಾನ್‌ಸ್ಟೇಬಲ್ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ.

ಡಾಕ್ಟರ್ ರವಿಕಾಂತ ಬಂದರು. ಇಂಜೆಕ್ಷನ್ನಿಗೆ ಮಲಕವ್ವ ಹೂಂ ಎಂದಳು. ಖೈರನಾರ್ ತಮ್ಮ ಜಾಗದಲ್ಲಿ ಇದು ನಡೆಯಬಾರದು, ಹೊರಗೆ ಒಯ್ಯಿರಿ ಎಂದು ಕೂಗಾಡಿದರು. ಏಳಲಾರದ್ದನ್ನು ಎಲ್ಲಿಗೆ ಒಯ್ಯುವುದು? ಡಾಕ್ಟರು ಕೇಳಿಸದವರಂತೆ ಔಷಧ ತುಂಬಿದರು.

"ಅಕ್ಕಾರ, ತಲಿ ನೀವ್ ಹಿಡೀರಿ. ನನ್ನ ಕಡಿಂದ ಆಗಂಗಿಲ್ಲ. ನಾ ನೋಡಂಗಿಲ್ಲ," ಎಂದು ಮಲಕವ್ವ ಬೇವಿನ ಮರದ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಸಗಣಿಯಲ್ಲಿ ಕೂತು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಲು ಭಾರ. ಕಿವಿಯ ಬುಡ ಬೆಚ್ಚಗಿತ್ತು. "ಗೌಡಾ" ಎಂದೆ. ಈ ಸಲ ಕಿವಿ ಅಲುಗಿತು. ಹೆಸರು ಗುರುತಾಗಿತ್ತೋ, ನೊಣ ಕೂತಿತ್ತೋ. ಮೊದಲ ಸೂಜಿಗೆ ಉಸಿರು ನೀಳವಾಯಿತು. ಎರಡನೆಯದರ ನಂತರ ಕಾಲಿನ ನಡುಕ ನಿಂತಿತು. ಅಷ್ಟು ದಿನದಿಂದ ನಡುಗುತ್ತಲೇ ಇದ್ದ ಕಾಲು.

ಮಲಕವ್ವ ಉಳಿದ ಎತ್ತನ್ನು ಹಗ್ಗ ಹಿಡಿದು ಹೊರಗೆ ನಡೆಸಿಕೊಂಡು ಹೋದಳು. ಒಂಟಿ ಎತ್ತಿನಿಂದ ಏನು ಮಾಡುತ್ತಾಳೋ. ಗೇಟಿನ ಬಳಿ ಖೈರನಾರ್, "ನಾಳೆಯಿಂದ ನೀವು ಬರಬೇಡಿ. ನಿಮ್ಮ ಕೈಗೆ ಪಾಪ ಅಂಟಿದೆ," ಎಂದರು.

ಊಟ ಮಾಡಿದೆ. ಹಸಿವಾಗಿತ್ತು.

ಏಪ್ರಿಲ್ 12, ಶನಿವಾರ

ಹನುಮ ಜಯಂತಿ. ಮಂಡಳಿಯ ಭಜನೆಗೆ ಕರೆ ಬರಲಿಲ್ಲ. ಎದುರು ಮನೆಯವರು ನನ್ನನ್ನು ನೋಡಿ ಲಿಫ್ಟಿನ ಬಾಗಿಲು ಮುಚ್ಚಿದರು. ಮೊನ್ನೆಯವರೆಗೆ ನನ್ನ ಕೈಯ ಕೋಸಂಬರಿ ಕೇಳಿ ತಿನ್ನುತ್ತಿದ್ದವರು.

ಹಾಲಿನವನು, "ಯಾಕೆ ತಾಯಿ, ಹಾಲು ಕಡಿಮೆ ಮಾಡಿದ್ದೀರಿ?" ಎಂದು ಕೇಳಿದ. ಬೇಸಿಗೆ, ಇಬ್ಬರೇ ಇದ್ದೇವೆ, ಉಳಿಯುತ್ತದೆ ಎಂದೆ. ಹಾಗೆಯೇ ನೆನಪಾಗಿ, ಗಂಡು ಕರು ಹುಟ್ಟಿದರೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. ಕ್ಯಾನು ಎತ್ತಿಕೊಂಡ. "ಅದನ್ನೆಲ್ಲ ನೀವು ಕೇಳಬಾರದು, ನಾವು ಹೇಳಬಾರದು," ಎಂದು ಹೊರಟುಹೋದ.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ತರಕಾರಿಗೆ ಹೊರಟವಳು ಠಾಣೆಯ ಮುಂದೆ ಗುಂಪು ನೋಡಿ ಆಟೊ ನಿಲ್ಲಿಸಿದೆ. ಮತ್ತೊಂದು ಟೆಂಪೊ. ಅದೇ ಹುಡುಗರು, ಅದೇ ಗುಲಾಲು, ಅದೇ ಮೊಬೈಲುಗಳು. ಒಳಗೆ ಎತ್ತುಗಳು ಬೆದರಿ ಒತ್ತಿಕೊಂಡಿದ್ದವು. ಒಬ್ಬ ಆಗಲೇ ಕೋಲು ಎತ್ತಿದ್ದ. ಕೆಳಗೆ ಚಕ್ರಕ್ಕೆ ಒರಗಿ ಒಬ್ಬ ಮುದುಕ ಕೂತಿದ್ದ. ತುಟಿ ಒಡೆದು ರಕ್ತ ಬಂದಿತ್ತು. ಕಪಾಳದ ಮೇಲೆ ಯಾರೋ ಉಗುಳಿದ್ದು ಇನ್ನೂ ಒಣಗಿರಲಿಲ್ಲ. ಸುತ್ತ ಅಷ್ಟು ಜನ ನಿಂತಿದ್ದರು, ಅದನ್ನು ಒರೆಸಿಕೊಳ್ಳಲು ಅವನಿಗೆ ಯಾರೂ ಒಂದು ಚಿಂದಿ ಕೊಟ್ಟಿರಲಿಲ್ಲ. ಇದನ್ನು ನೋಡಿ ಬಂದ ಹೇಸಿಗೆಯನ್ನು ಬರೆಯಲು ನನ್ನಲ್ಲಿ ಮಾತಿಲ್ಲ.

ನನ್ನ ಸೆರಗಿನಿಂದ ಒರೆಸಿದೆ.

"ಟೆಂಪೊವನ್ನು ಹಿಂದಕ್ಕೆ ತಂದು ಆ ಮಣ್ಣಿನ ದಿಬ್ಬಕ್ಕೆ ಹಚ್ಚಿಸಿ," ಎಂದೆ ಕಾನ್‌ಸ್ಟೇಬಲ್ಲನಿಗೆ. ಗೋಶಾಲೆಗೆ ಬಂದಿದ್ದವನೇ. "ಇವುಗಳಿಗೆ ಒಡೆಯ ಇದ್ದಾನೆ. ಕೋರ್ಟು ಕೊಡು ಅಂದಾಗ ನಾಲ್ಕು ಕಾಲಿನ ಮೇಲೆ ಕೊಡಬೇಕು. ಒಂದರ ಕಾಲು ಮುರಿದರೂ ನಾನು ಮತ್ತೆ ಚಾಂದವಡ್ ಕೋರ್ಟಿಗೆ ಹೋಗುತ್ತೇನೆ."

"ಈ ಹೆಂಗಸು ಯಾರು?" ಎಂದ ಕೋಲಿನ ಹುಡುಗ. ಕಾನ್‌ಸ್ಟೇಬಲ್ ಅವನ ಕೈಯಿಂದ ಕೋಲು ಕಿತ್ತುಕೊಂಡು, ಚಾಲಕನಿಗೆ ಹಿಂದೆ ತರಲು ಸನ್ನೆ ಮಾಡಿದ.

ಮುದುಕನ ಹೆಸರು ಕೇಳಿದೆ. ಗುಂಪಿನ ಕಡೆ ನೋಡಿದ. ಹೇಳಲು ಹೆದರುತ್ತಾನೆ ಎಂದು ತಿಳಿಯಿತು.

"ನಿಮ್ಮದು ಬೇಡ ಬಾಬಾ," ಎಂದೆ. "ಎತ್ತಿನ ಹೆಸರು ಹೇಳಿ. ಕರೆದರೆ ಬರುತ್ತವೆಯೇ?"

ಅವನು ಟೆಂಪೊದ ಅಂಚು ಹಿಡಿದು ಎದ್ದು ನಿಂತ. ಒಡೆದ ತುಟಿಯಿಂದಲೇ ಒಂದನ್ನು ಕರೆದ, ಆಮೇಲೆ ಇನ್ನೊಂದನ್ನು. ಹೆಸರು ಕೇಳಿದ್ದೇ ಅವು ಒಂದರ ಹಿಂದೆ ಒಂದು ನಡೆದು ಇಳಿದವು.